ವಿಶ್ವ ಸಿನಿಮಾ, ಕರ್ನಾಟಕದ ಸಣ್ಣ ಊರುಗಳಲ್ಲಿ

ಹೊರದೇಶದ ಚಲನಚಿತ್ರಗಳನ್ನು ಆ ಭಾಷೆಯ ಗಂಧಗಾಳಿ ಇಲ್ಲದ ಪ್ರೇಕ್ಷಕರಿಗೆ ಊರಿನ ಸಂಘಗಳೇ ಮುಂದೆ ನಿಂತು ತೋರಿಸುವ ಪರಿಪಾಠ. ಪಶ್ಚಿಮದ ದೇಶಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ವಲಸೆ ಹೋದವರ ಸಂಘಗಳು ಮಾಡುತ್ತವೆ. ಅಮೆರಿಕದ ಸಿಯಾಟಲ್‌ನಲ್ಲಿ ರೊಮೇನಿಯನ್ ಸಮುದಾಯದವರು ತಮ್ಮ ನಾಡಿನ ಚಿತ್ರಗಳನ್ನು ಅಲ್ಲಿನ ಜನರಿಗೆ ತೋರಿಸುವ ಉತ್ಸವ ನಡೆಸುತ್ತಾರೆ. ಬೇರೆ ಬೇರೆ ದೇಶಗಳಲ್ಲಿರುವ ಕನ್ನಡ ಕೂಟಗಳು ಕನ್ನಡ ಚಿತ್ರಗಳನ್ನು ತರಿಸಿಕೊಂಡು ನೋಡುತ್ತವೆ. ಕರ್ನಾಟಕದ ಹಳ್ಳಿಗಾಡಿನಲ್ಲಿ ನಡೆದದ್ದು ಇದರ ತಿರುಗುಮುರುಗು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರಗಳಲ್ಲಿ ಟಿಬೆಟನ್ ಕ್ಯಾಂಪುಗಳಿವೆ, ನಿಜ. ಆದರೆ ತಮ್ಮ ಸಿನಿಮಾವನ್ನು ಹೊತ್ತು ತಂದು ತೋರಿಸುವ ಇಟಲಿಯವರಾಗಲಿ, ಜಪಾನಿನವರಾಗಲಿ, ರೊಮೇನಿಯದವರಾಗಲಿ ಇಲ್ಲಿ ಇರಲಿಲ್ಲ. ಕನ್ನಡಿಗರೇ ಹೋಗಿ ಪರರ ಸಿನಿಮಾವನ್ನು ಕೇಳಿ ತಂದರು. ಇದರ ಮುಖ್ಯ ನಿದರ್ಶನ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1973ರಲ್ಲಿ ಆರಂಭವಾದ ನೀನಾಸಂ ಚಿತ್ರಸಮಾಜ.

ಸಿನಿಮಾ ನೋಡುವುದು ಮಾತ್ರ ಹಳ್ಳಿಗೆ ಹೊಸದಾಗಿರಲಿಲ್ಲ. ಹಳೇ ಮೈಸೂರಿನ ತಾಲ್ಲೂಕು ಕೇಂದ್ರಗಳಿಗೂ ಹೋಬಳಿಗಳಿಗೂ ಟೂರಿಂಗ್ ಟಾಕೀಸ್ ಬಹಳ ಮೊದಲೇ ಬಂದಿತ್ತು. ಟೆಂಟಿನೊಳಗೆ ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ, ಅದಕ್ಕೆ ತಕ್ಕ ಟಿಕೆಟ್ಟು. ಘಂಟಸಾಲರ ದನಿಯಲ್ಲಿ ವೆಂಕಟೇಶ ಸ್ತುತಿಯ ರೆಕಾರ್ಡು ಕೇಳಿಸಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಸುತ್ತಲಿನ ಹಳ್ಳಿಯವರು ಹೆಜ್ಜೆ ಚುರುಕು ಮಾಡುತ್ತಿದ್ದರು. ಮೈಸೂರು ಜಿಲ್ಲೆಯ ಪಶ್ಚಿಮದ ಹುಣಸೂರು, ಪಿರಿಯಾಪಟ್ಟಣಗಳ ಭಾಗ ಪ್ರೇಕ್ಷಕರನ್ನಷ್ಟೇ ಅಲ್ಲ, ನಿರ್ದೇಶಕರನ್ನೂ ಕೊಟ್ಟಿದೆ. ‘ಸತ್ಯ ಹರಿಶ್ಚಂದ್ರ’ (1965), ‘ಬಭ್ರುವಾಹನ’ (1977) ಚಿತ್ರಗಳ ಹುಣಸೂರು ಕೃಷ್ಣಮೂರ್ತಿಯವರ ಹೆಸರಿನಲ್ಲೇ ಊರಿದೆ. ‘ಗೆಜ್ಜೆ ಪೂಜೆ’, ‘ಶರಪಂಜರ’, ‘ನಾಗರಹಾವು’ ಚಿತ್ರಗಳ ಪುಟ್ಟಣ್ಣ ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ, 1933ರಲ್ಲಿ. ಟೆಂಟಿಗೆ ಬಾರದೆ ಉಳಿದದ್ದು ಹಾಡು, ಹೊಡೆದಾಟ, ಪರಿಚಿತ ಮುಖ ಯಾವುದೂ ಇಲ್ಲದ ಸಿನಿಮಾ. ವ್ಯಾಪಾರಕ್ಕೆ ಹೊರಟ ಟಾಕೀಸಿನವನು ಅದನ್ನು ತರಬೇಕಾಗಿಯೂ ಇರಲಿಲ್ಲ.

ಅಂಥ ಸಿನಿಮಾ ಬಂದದ್ದು ಚಿತ್ರಸಮಾಜಗಳ (ಫಿಲ್ಮ್ ಸೊಸೈಟಿ) ದಾರಿಯಿಂದ. 1959ರಲ್ಲಿ ಸತ್ಯಜಿತ್ ರಾಯ್ ಅಧ್ಯಕ್ಷತೆಯಲ್ಲಿ ಭಾರತೀಯ ಚಿತ್ರಸಮಾಜಗಳ ಒಕ್ಕೂಟ ಹುಟ್ಟಿತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ‘ಸುಚಿತ್ರಾ’ ಚಿತ್ರಸಮಾಜ ತಲೆಯೆತ್ತಿದ್ದು 1971ರಲ್ಲಿ, ‘ಸಂಸ್ಕಾರ’ ಮತ್ತು ‘ವಂಶವೃಕ್ಷ’ ಕನ್ನಡದಲ್ಲಿ ಬೇರೆ ಬಗೆಯ ಚಿತ್ರಕ್ಕೆ ಹಾದಿ ಮಾಡಿದ ಹೊತ್ತಿಗೇ. ಸಮಾಜಗಳಿಗೆ ಚಿತ್ರ ಸಿಗುತ್ತಿದ್ದದ್ದು ಪುಣೆಯ ಸಂಗ್ರಹಾಲಯದಿಂದ, ಒಕ್ಕೂಟದಿಂದ ಮತ್ತು ದೆಹಲಿಯ ರಾಯಭಾರ ಕಚೇರಿಗಳಿಂದ. ಪೂರ್ವ ಯುರೋಪಿನ ಸಮಾಜವಾದಿ ದೇಶಗಳು ಈ ವಿಷಯದಲ್ಲಿ ಧಾರಾಳಿಗಳಾಗಿದ್ದವು. ಸದಸ್ಯರಿಗಷ್ಟೇ ತೋರಿಸುವುದಾದರೆ ಸೆನ್ಸಾರ್‌ನಿಂದ ವಿನಾಯಿತಿ ಇತ್ತು. ನಗರಗಳಲ್ಲಿ ಈ ವಿನಾಯಿತಿಗೆ ಆಸೆಪಟ್ಟೇ ಚಂದಾ ಕಟ್ಟಿದವರು ಕಡಿಮೆಯೇನಿರಲಿಲ್ಲ. 

ಹೆಗ್ಗೋಡಿನ ದಾರಿ ಬೇರೆ. ನೀಲಕಂಠೇಶ್ವರ ನಾಟ್ಯಸೇವಾ ಸಂಘ (ನೀನಾಸಂ) 1949ರಲ್ಲಿ ಊರವರ ನಾಟಕ ಸಂಘವಾಗಿ ಹುಟ್ಟಿದ್ದು. ಅದಕ್ಕೆ ಹೊಸ ರೂಪ ಕೊಟ್ಟ ಕೆ.ವಿ. ಸುಬ್ಬಣ್ಣ (1932–2005) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಅಡಿಕೆ ತೋಟಕ್ಕೆ ಮರಳಿದವರು. 1957ರಲ್ಲಿ ಅಕ್ಷರ ಪ್ರಕಾಶನ ಆರಂಭಿಸಿದ್ದರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಸಿದ್ಧವಾಯಿತು, ಮರುವರ್ಷ ಚಿತ್ರಸಮಾಜ. ನಾಟಕಕ್ಕೆ ಜನ ಸೇರುವ ಅಭ್ಯಾಸ, ಒಂದು ಸೂರು, ಪುಸ್ತಕ ಅಚ್ಚು ಮಾಡಿಸುವ ಏರ್ಪಾಡು ಮೂರೂ ಮೊದಲೇ ಇದ್ದ ಊರಿಗೆ ಸಿನಿಮಾ ಬಂತು ಎಂಬುದನ್ನು ಮರೆತರೆ ಮುಂದಿನ ಕಥೆ ಪವಾಡದಂತೆ ಕಾಣುತ್ತದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದುರ್ ಮತ್ತು ಸಂಗ್ರಹಾಲಯದ ಪಿ.ಕೆ. ನಾಯರ್ ಬೆಂಬಲಕ್ಕೆ ನಿಂತರು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಹೆಗ್ಗೋಡಿನಲ್ಲಿ ಚಿತ್ರೋತ್ಸವವೂ, ಚಲನಚಿತ್ರ ರಸಗ್ರಹಣ ಶಿಬಿರವೂ ನಡೆದವು. ‘ಪಥೇರ್ ಪಾಂಚಾಲಿ’, ಕುರೊಸಾವಾನ ‘ರಾಶೊಮಾನ್’, ವಿಟ್ಟೋರಿಯೊ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ಅಡಿಕೆ ಸುಲಿಯುವವರ, ಗದ್ದೆ ಕೆಲಸದವರ, ಶಾಲಾ ಮಾಸ್ತರರ ಎದುರು ಓಡಿದವು.

ಚಿತ್ರಗಳು ಬರುತ್ತಿದ್ದದ್ದು 16 ಮಿ.ಮೀ. ಪ್ರತಿಗಳಾಗಿ, ತಗಡಿನ ಡಬ್ಬಿಗಳಲ್ಲಿ. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ರೀಲು ಮುಗಿದಾಗ ದೀಪ ಹಾಕಿ, ಮುಂದಿನ ರೀಲು ಸುತ್ತಿ, ಮತ್ತೆ ಕತ್ತಲೆ ಮಾಡಬೇಕು. ಈ ಬಿಡುವುಗಳು ಸಿನಿಮಾದ ಬಿಗಿಯನ್ನು ಸಡಿಲಿಸುತ್ತವೆ ಎಂಬುದು ಒಂದು ಮಾತು. ಆದರೆ ಪಕ್ಕದವರನ್ನು ‘ಈಗೇನಾಯ್ತು?’ ಎಂದು ಕೇಳಲು ಜನರಿಗೆ ಸಿಕ್ಕ ಹೊತ್ತೂ ಅದೇ. ಮಾತು ಇಟಾಲಿಯನ್, ಅಡಿಬರಹ ಇಂಗ್ಲಿಷ್. ನೋಡುವವರಲ್ಲಿ ಬಹುಪಾಲು ಜನಕ್ಕೆ ಎರಡೂ ಅಷ್ಟೇ. ಹೀಗಾಗಿ ಚಿತ್ರಕ್ಕೆ ಮೊದಲು ಕನ್ನಡದಲ್ಲಿ ಪರಿಚಯ, ಮುಗಿದ ಮೇಲೆ ಕನ್ನಡದಲ್ಲಿ ಚರ್ಚೆ ಎಂಬ ಕ್ರಮ ಬೇಕಾಯಿತು. ಯಕ್ಷಗಾನದ ಸೀಮೆಯಲ್ಲಿ ಇದು ತೊಡಕಾಗಲಿಲ್ಲ. ಪ್ರಸಂಗ ಗೊತ್ತಿದ್ದೂ ರಾತ್ರಿಯಿಡೀ ಕೂರುವ ಪ್ರೇಕ್ಷಕನಿಗೆ ಕಥೆ ಮೊದಲೇ ತಿಳಿಯಿತೆಂಬ ಬೇಸರವಿಲ್ಲ. ಹೇಗೆ ನಡೆಸಿಕೊಟ್ಟರು ಎಂಬುದರ ಮೇಲೆಯೇ ಅವನ ಕಣ್ಣು.

‘ಬೈಸಿಕಲ್ ಥೀವ್ಸ್’ (1948) ಯಾಕೆ ತಾಕಿತು ಎಂದು ತಿಳಿಯಲು ಅದರ ಆರಂಭದ ಭಾಗ ಸಾಕು. ನಾಯಕನ ಕೆಲಸಕ್ಕೆ ಸೈಕಲ್ ಬೇಕು, ಸೈಕಲ್ ಒತ್ತೆಯಲ್ಲಿದೆ. ಹೆಂಡತಿ ಹಾಸಿಗೆಯ ಮೇಲಿನ ಹೊದಿಕೆಗಳನ್ನೆಲ್ಲ ಎಳೆದು, ಗಂಟು ಕಟ್ಟಿ, ಒತ್ತೆಯಂಗಡಿಗೆ ಹೊರಡುತ್ತಾಳೆ. ಅಲ್ಲಿನ ನೌಕರ ಆ ಗಂಟನ್ನು ಹಿಡಿದು ಅಟ್ಟ ಹತ್ತಿದಂತೆ ಮೇಲೆ ಮೇಲೆ ಏರುತ್ತಾನೆ. ಮೇಲಿನವರೆಗೂ ಗಂಟುಗಳೇ, ಇಡೀ ರೋಮ್ ನಗರದ ಹೊದಿಕೆಗಳು. ಒಂದು ಮಾತಿನ ಅಗತ್ಯವೂ ಇಲ್ಲ. ಬೆಳೆಸಾಲಕ್ಕೆ ಓಲೆ ಜುಮುಕಿ ಅಡವಿಟ್ಟವರ ನಾಡಿನಲ್ಲಿ ಅದಕ್ಕೆ ಅನುವಾದಕರು ಬೇಕಿರಲಿಲ್ಲ. ‘ರಾಶೊಮಾನ್’ (1950) ಇದಕ್ಕಿಂತ ಕಷ್ಟದ ಚಿತ್ರವೆಂದು ವಿಮರ್ಶಕರು ಎಣಿಸುತ್ತಾರೆ. ಒಂದೇ ಕೊಲೆಗೆ ನಾಲ್ಕು ಸಾಕ್ಷಿ, ನಾಲ್ಕೂ ಬೇರೆ ಬೇರೆ. ಬೇಲಿ ಜಗಳದ ಪಂಚಾಯ್ತಿಯಲ್ಲಿ ಕೂತು ಎದ್ದವರಿಗೆ ಅದೇನು ಹೊಸ ತತ್ವವಲ್ಲ. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರು ನಾಯರ್ ಕುರಿತು ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ದಶಕಗಳ ಹಿಂದೆ ನೋಡಿದ ಈ ಚಿತ್ರಗಳನ್ನು ನೆನೆದು ಮಾತಾಡುವುದನ್ನು ಕಾಣಬಹುದು.

1983ರಿಂದ 85ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ‘ಜನಸ್ಪಂದನ’ ಯೋಜನೆ ನಾಟಕ ಮತ್ತು ಸಿನಿಮಾ ಶಿಬಿರಗಳನ್ನು ಹೆಗ್ಗೋಡಿನಾಚೆಗೆ, ರಾಜ್ಯದ ಬೇರೆ ಊರುಗಳಿಗೆ ಒಯ್ದಿತು. 1985ರಲ್ಲಿ ಶುರುವಾದ ‘ತಿರುಗಾಟ’ ನಾಟಕಗಳನ್ನು ಊರೂರಿಗೆ ಒಯ್ಯುತ್ತ ಇಂದಿಗೂ ಉಳಿದಿದೆ. ಸಿನಿಮಾಕ್ಕೆ ಅಂಥ ಶಾಶ್ವತ ಸಂಚಾರ ದಕ್ಕಲಿಲ್ಲ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅಷ್ಟರಲ್ಲಿ ಮನೆಮನೆಗೆ ಟಿ.ವಿ. ಬರತೊಡಗಿತ್ತು, 16 ಮಿ.ಮೀ. ಪ್ರತಿಗಳ ಕಾಲ ಮುಗಿಯುತ್ತಿತ್ತು.

ಮೈಸೂರು ಜಿಲ್ಲೆಯ ಮಟ್ಟಿಗೆ ವಿಶ್ವ ಸಿನಿಮಾ ಜಿಲ್ಲಾ ಕೇಂದ್ರದಲ್ಲೇ ಬೀಡುಬಿಟ್ಟಿದೆ. ದಸರಾ ಚಲನಚಿತ್ರೋತ್ಸವ ನಾಡಹಬ್ಬದ ಭಾಗವಾಗಿ ಮಲ್ಟಿಪ್ಲೆಕ್ಸುಗಳಲ್ಲಿ ನಡೆಯುತ್ತದೆ. 2006ರಲ್ಲಿ ಮೊದಲಾದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ 2016 ಮತ್ತು 2017ರಲ್ಲಿ ಮೈಸೂರಿನಲ್ಲೂ ಪ್ರದರ್ಶನಗಳನ್ನಿಟ್ಟುಕೊಂಡಿತ್ತು. ಇವೆರಡಕ್ಕಿಂತ ಹೆಗ್ಗೋಡಿನ ಗುಣಕ್ಕೆ ಹತ್ತಿರವಾದದ್ದು ಮೈಸೂರಿನ ರಂಗಸಂಸ್ಥೆ ರಂಗಾಯಣದ ‘ಬಹುರೂಪಿ’. ನಾಟಕೋತ್ಸವದ ಮಗ್ಗುಲಲ್ಲೇ, ಅದರ ವಸ್ತುವಿಗೆ ಹೊಂದುವ ಚಿತ್ರಗಳ ಉತ್ಸವವೂ ಅಲ್ಲಿ ನಡೆಯುವುದರಿಂದ ನಾಟಕಕ್ಕೆ ಬಂದವರು ಸಿನಿಮಾಕ್ಕೂ ಹಣಕಿ ಹಾಕುತ್ತಾರೆ. ಹುಣಸೂರು, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರಿಗೆ ಇದೆಲ್ಲ ಬಸ್ಸಿನ ದೂರದಲ್ಲಿದೆ. ನಾಲ್ಕರಲ್ಲಿ ರೈಲಿರುವುದು ಕೆ.ಆರ್. ನಗರಕ್ಕೆ ಮಾತ್ರ. ಸಂಜೆಯ ಆಟ ನೋಡಿ ಚರ್ಚೆಗೆ ಕುಳಿತರೆ ಎಚ್.ಡಿ. ಕೋಟೆಯಾಚೆಯ ಹಳ್ಳಿಗೆ ಹೋಗಬೇಕಾದವರು ಆ ರಾತ್ರಿ ಮೈಸೂರಿನಲ್ಲೇ ಉಳಿಯಬೇಕು. ಗ್ರಾಮೀಣ ದಸರಾ ತಾಲ್ಲೂಕುಗಳಿಗೆ ಬರುತ್ತದೆ; ಅದರ ಜೊತೆಗೆ ಮೈಸೂರಿನ ಚಿತ್ರೋತ್ಸವದ ನಾಲ್ಕು ಚಿತ್ರಗಳು ಬರುವುದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಿರುವುದು ಅವನ್ನು ಪರಿಚಯಿಸಿ ಮಾತಾಡಬಲ್ಲ ಇಬ್ಬರು ಮೇಷ್ಟರು.

ಯಾವ ಚಿತ್ರಗಳು ಎಂಬ ಪ್ರಶ್ನೆಗೆ ಇತ್ತೀಚಿನ ರೊಮೇನಿಯನ್ ಸಿನಿಮಾ ಒಳ್ಳೆಯ ಉತ್ತರ. 1989ರ ಡಿಸೆಂಬರಿನಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಉರುಳಿದ ಮೇಲೆ ಬೆಳೆದ ನಿರ್ದೇಶಕರು ಸುಮಾರು 2005ರಿಂದ ಜಗತ್ತಿನ ಗಮನ ಸೆಳೆದರು. ಕ್ರಿಸ್ತಿ ಪುಯು ಅವರ ‘ಲಜರೆಸ್ಕು ಮಹಾಶಯನ ಸಾವು’ (2005) ಚಿತ್ರದಲ್ಲಿ ಹೊಟ್ಟೆನೋವು ತಲೆನೋವೆಂದು ನರಳುವ ಒಂಟಿ ಮುದುಕನನ್ನು ಆಂಬ್ಯುಲೆನ್ಸಿನ ನರ್ಸ್ ಒಬ್ಬಳು ಒಂದೇ ರಾತ್ರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುತ್ತಾಳೆ. ಎಲ್ಲ ಕಡೆಯೂ ಬೈಗುಳ, ಕಾಯಿಸುವಿಕೆ, ಮುಂದಿನ ಆಸ್ಪತ್ರೆಗೆ ಚೀಟಿ. ತಾಲ್ಲೂಕು ಕೇಂದ್ರದಿಂದ ನಗರಕ್ಕೆ ರೋಗಿಯನ್ನು ಸಾಗಿಸಿ ಬಾಗಿಲು ಬಾಗಿಲು ತಟ್ಟಿದವರು ಎಲ್ಲ ನಾಡುಗಳಲ್ಲೂ ಇದ್ದಾರೆ. ಕೊರ್ನೆಲಿಯು ಪೊರುಂಬೊಯು ಅವರ ‘ಬುಕಾರೆಸ್ಟಿನ ಪೂರ್ವಕ್ಕೆ 12:08’ (2006) ಇನ್ನೂ ಸೊಗಸು. ಸಣ್ಣ ಪಟ್ಟಣವೊಂದರ ಸ್ಥಳೀಯ ಟಿ.ವಿ. ಚಾನೆಲ್ಲಿನಲ್ಲಿ ಚರ್ಚೆ: ‘ನಮ್ಮೂರಲ್ಲಿ ಕ್ರಾಂತಿ ಆಯ್ತೋ ಇಲ್ಲವೋ?’ ಸರ್ವಾಧಿಕಾರಿ ಓಡಿದ್ದು ಡಿಸೆಂಬರ್ 22ರ ಮಧ್ಯಾಹ್ನ 12 ಗಂಟೆ 8 ನಿಮಿಷಕ್ಕೆ. ಅದಕ್ಕೆ ಮೊದಲು ಚೌಕದಲ್ಲಿ ಜನ ಸೇರಿದ್ದರೆ ಕ್ರಾಂತಿ, ಆಮೇಲೆ ಸೇರಿದ್ದರೆ ಬರೀ ಸಂಭ್ರಮ. ತಾನು ಮೊದಲೇ ಹೋಗಿದ್ದೆ ಎನ್ನುವ ಕುಡುಕ ಮೇಷ್ಟ್ರು, ಸಾಂಟಾಕ್ಲಾಸ್ ವೇಷ ಹಾಕುವ ಮುದುಕ, ಫೋನು ಮಾಡಿ ಮೇಷ್ಟರ ಬಣ್ಣ ಬಯಲು ಮಾಡುವ ವೀಕ್ಷಕರು. ‘ನಾನೂ ಆ ಚಳವಳಿಯಲ್ಲಿದ್ದೆ’ ಎನ್ನುವವರನ್ನು ಎಣಿಸಿ ನಕ್ಕ ಅನುಭವ ಇರುವ ಯಾವ ತಾಲ್ಲೂಕಿನಲ್ಲಾದರೂ ಇದನ್ನು ತೋರಿಸಬಹುದು.

ರೊಮೇನಿಯದಲ್ಲೇ ಈ ಸಿನಿಮಾ ತನ್ನ ಜನರನ್ನು ಹುಡುಕಿಕೊಂಡು ಹೋಗಬೇಕಾಯಿತು. ಕ್ರಿಸ್ತಿಯಾನ್ ಮುಂಜಿಯು ಅವರ ‘4 ತಿಂಗಳು, 3 ವಾರ, 2 ದಿನ’ 2007ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದು ಊರಿಗೆ ಬಂದಾಗ ಅಲ್ಲಿನ ಬಹಳಷ್ಟು ಪಟ್ಟಣಗಳ ಚಿತ್ರಮಂದಿರಗಳು ಬಾಗಿಲು ಹಾಕಿದ್ದವು. ಅವರು ಪ್ರೊಜೆಕ್ಟರನ್ನು ವಾಹನಕ್ಕೇರಿಸಿ, ಚಿತ್ರಮಂದಿರ ಇಲ್ಲದ ಪಟ್ಟಣಗಳಿಗೆ ಸಂಚಾರ ಹೊರಟರು. ಕಾನ್‌ನಲ್ಲಿ ಗೆದ್ದ ಚಿತ್ರ ತನ್ನ ದೇಶದೊಳಗೆ ನಡೆದದ್ದು ಟೂರಿಂಗ್ ಟಾಕೀಸಿನ ದಾರಿಯಲ್ಲಿ.

ಈಗ ರೀಲಿನ ಡಬ್ಬಿಗಳಿಲ್ಲ; ಚಿತ್ರ ಒಂದು ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ, ಕಾಲೇಜಿನ ಸಭಾಂಗಣದ ಪ್ರೊಜೆಕ್ಟರಿಗೂ ಸಾಕಾಗುತ್ತದೆ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು ಎಂಬ ನಿಯಮ ಮೊದಲಿನಂತೆಯೇ ಇದೆ. ಕನ್ನಡ ಅಡಿಬರಹವಿರುವ ವಿಶ್ವ ಸಿನಿಮಾ ಮಾತ್ರ ಇಂದಿಗೂ ಅಪರೂಪ. ರಾಜ್ಯದ ದೊಡ್ಡ ಉತ್ಸವಗಳಲ್ಲೂ ಜಪಾನಿ ಚಿತ್ರಕ್ಕೂ ರೊಮೇನಿಯನ್ ಚಿತ್ರಕ್ಕೂ ತೆರೆಯ ಕೆಳಗೆ ಇಂಗ್ಲಿಷೇ ಓಡುತ್ತದೆ. ಹೀಗಿರುವಾಗ ಚಿತ್ರಕ್ಕೆ ಮುಂಚೆ ಎದ್ದುನಿಂತು ಕನ್ನಡದಲ್ಲಿ ಹತ್ತು ನಿಮಿಷ ಮಾತಾಡುವವರ ಕೆಲಸ 1973ರಲ್ಲಿ ಇದ್ದಷ್ಟೇ ಇದೆ.