ಸರ್ವರ್ ಒಂದು, ಪರವಾನಗಿ ಹಲವು

ಕಛೇರಿಯ ಹಳೆಯ ಸರ್ವರನ್ನು ತೆಗೆದು ಹೊಸದನ್ನು ತರುವಾಗ ಮೊದಲು ಲೆಕ್ಕಕ್ಕೆ ಬರುವುದು ಯಂತ್ರದ ಬೆಲೆ ಹಾಗೂ ಅದರ ಕಾರ್ಯಾಚರಣ ವ್ಯವಸ್ಥೆಯ ಬೆಲೆ. ವಿಂಡೋಸ್ ಸರ್ವರ್ ಆದರೆ ಮೂರನೆಯ ಖರ್ಚೂ ಉಂಟು. ಅದೇ ಕ್ಲಯಂಟ್ ಆಕ್ಸೆಸ್ ಲೈಸೆನ್ಸ್; ಸಂಕ್ಷಿಪ್ತವಾಗಿ 'ಕ್ಯಾಲ್'. ಇದು ಗಣಕದಲ್ಲಿ ಅಳವಡಿಸುವ ತಂತ್ರಾಂಶವಲ್ಲ, ಸರ್ವರಿನ ಸೇವೆ ಪಡೆಯುವ ಹಕ್ಕು ಮಾತ್ರ. ಈ ಹಕ್ಕು ಹುಟ್ಟಿದ ಬಗೆಯನ್ನು ನೋಡೋಣ.

1969ರ ಜೂನ್‌ನಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಹಲವು ತಂತ್ರಾಂಶಗಳಿಗೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಪ್ರಕಟಿಸಿತು. ಅಲ್ಲಿಯವರೆಗೆ ಅವು ಯಂತ್ರದ ಜೊತೆಗೇ ಬರುತ್ತಿದ್ದವು. ಮುಂದೆ ವೈಯಕ್ತಿಕ ಗಣಕಗಳ ಕಾಲದಲ್ಲಿ 'ಒಂದು ಯಂತ್ರಕ್ಕೆ ಒಂದು ಪರವಾನಗಿ' ಎಂಬ ಸರಳ ಸೂತ್ರ ರೂಢಿಗೆ ಬಂತು. ಗಣಕಜಾಲ ಈ ಸೂತ್ರವನ್ನು ಕಲಕಿತು. ಸರ್ವರಿನಲ್ಲಿರುವ ಪ್ರತಿ ಒಂದೇ, ಬಳಸುವವರು ನೂರಾರು. ಹಾಗಾದರೆ ಎಣಿಸಬೇಕಾದದ್ದು ಯಾವುದನ್ನು?

ನೋವೆಲ್ ಸಂಸ್ಥೆಯ ನೆಟ್‌ವೇರ್ ಇದಕ್ಕೆ ನೇರ ಉತ್ತರ ಕೊಟ್ಟಿತು. ಅದನ್ನು 5, 10, 25, 50, 100, 250 ಬಳಕೆದಾರರ ಕಟ್ಟುಗಳಾಗಿ ಮಾರಲಾಗುತ್ತಿತ್ತು. 25ರ ಕಟ್ಟು ಕೊಂಡಲ್ಲಿ 26ನೆಯವರಿಗೆ ಸರ್ವರೇ ಬಾಗಿಲು ತೆರೆಯುತ್ತಿರಲಿಲ್ಲ.

1993ರಲ್ಲಿ ಬಂದ ಮೈಕ್ರೋಸಾಫ್ಟಿನ ವಿಂಡೋಸ್ ಎನ್‌ಟಿ 3.1 ಅಡ್ವಾನ್ಸ್‌ಡ್ ಸರ್ವರಿಗೆ ಇಂಥ ಮಿತಿ ಇರಲಿಲ್ಲ. ಆದರೆ ಮರುವರ್ಷ, ಎನ್‌ಟಿ ಸರ್ವರ್ 3.5 ಬಂದಾಗ, ಸಂಸ್ಥೆ ಬೆಲೆಯನ್ನು ಎರಡಾಗಿ ಒಡೆಯಿತು: ಸರ್ವರಿಗೆ ಒಂದು, ಅದನ್ನು ಸಂಪರ್ಕಿಸುವ ಗಣಕಗಳಿಗೆ ಇನ್ನೊಂದು. ಎಣಿಕೆಗೂ ಎರಡು ವಿಧಾನಗಳಿದ್ದವು. 'ಪರ್ ಸರ್ವರ್' ವಿಧಾನದಲ್ಲಿ ಒಂದೇ ವೇಳೆಗೆ ಎಷ್ಟು ಸಂಪರ್ಕಗಳು ಎಂಬುದು ಮುಖ್ಯ. 'ಪರ್ ಸೀಟ್' ವಿಧಾನದಲ್ಲಿ ಎಷ್ಟು ಗಣಕಗಳು ಎಂಬುದು ಮುಖ್ಯ. 40 ಗಣಕಗಳೂ 3 ಸರ್ವರುಗಳೂ ಇರುವ ಕಛೇರಿಯನ್ನು ಊಹಿಸಿಕೊಳ್ಳಿ. ಎಲ್ಲ ಗಣಕಗಳೂ ಏಕಕಾಲದಲ್ಲಿ ಎಲ್ಲ ಸರ್ವರುಗಳನ್ನು ಬಳಸಿದರೆ ಮೊದಲ ವಿಧಾನಕ್ಕೆ 120 ಪರವಾನಗಿಗಳು ಬೇಕು, ಎರಡನೆಯದಕ್ಕೆ 40 ಸಾಕು. ಸರ್ವರ್ ಒಂದೇ ಇದ್ದು, ಏಕಕಾಲದಲ್ಲಿ 15 ಗಣಕಗಳಷ್ಟೇ ಬಳಸುವಂತಿದ್ದರೆ ಮೊದಲನೆಯದೇ ಲಾಭ.

2003ರ ವಿಂಡೋಸ್ ಸರ್ವರಿನೊಂದಿಗೆ ಇನ್ನೊಂದು ಆಯ್ಕೆ ಸೇರಿತು. ಪರವಾನಗಿಯನ್ನು ಸಾಧನಕ್ಕಾದರೂ ಕೊಳ್ಳಬಹುದು, ವ್ಯಕ್ತಿಗಾದರೂ ಕೊಳ್ಳಬಹುದು. ಮೂರು ಪಾಳಿಗಳಲ್ಲಿ 60 ಮಂದಿ 20 ಗಣಕಗಳನ್ನು ಹಂಚಿಕೊಳ್ಳುವಲ್ಲಿ ಸಾಧನದ ಪರವಾನಗಿ 20 ಸಾಕು. ಒಬ್ಬರೇ ಮೇಜಿನ ಗಣಕ, ಮಡಿಲ ಗಣಕ ಎರಡನ್ನೂ ಬಳಸುವಲ್ಲಿ ವ್ಯಕ್ತಿಯ ಪರವಾನಗಿ ಅಗ್ಗ.

ಕಛೇರಿಗಳು ಎಡವುವುದು ಉನ್ನತೀಕರಣದ ಹೊತ್ತಿನಲ್ಲಿ. ನಿಯಮವಿಷ್ಟೇ: ಕ್ಯಾಲ್‌ನ ಆವೃತ್ತಿ ಸರ್ವರಿನ ಆವೃತ್ತಿಗೆ ಸಮನಾಗಿರಬೇಕು ಅಥವಾ ಅದಕ್ಕಿಂತ ಹೊಸದಾಗಿರಬೇಕು. 2003ರ ಕ್ಯಾಲ್ ವಿಂಡೋಸ್ 2000 ಸರ್ವರಿಗೂ ಸಲ್ಲುತ್ತದೆ. ವಿಂಡೋಸ್ 2000ದ ಕ್ಯಾಲ್ 2003ರ ಸರ್ವರಿಗೆ ಸಲ್ಲದು. ಆದ್ದರಿಂದ ಸರ್ವರ್ ಒಂದೇ ಬದಲಾದರೂ ಪರವಾನಗಿಗಳನ್ನೆಲ್ಲ ಮತ್ತೆ ಕೊಳ್ಳಬೇಕಾಗಬಹುದು. ಇದಕ್ಕೆ ಅಪವಾದಗಳೂ ಉಂಟು. 2005ರ ಕೊನೆಗೆ ಬಂದ 2003 ಆರ್2 ಆವೃತ್ತಿಗೆ ಹಳೆಯ 2003ರ ಕ್ಯಾಲ್‌ಗಳೇ ಸಾಕಾಗಿದ್ದವು.

ನಡುವೆ ಇನ್ನೊಂದು ತಂತ್ರಾಂಶವನ್ನಿಟ್ಟು ನೂರು ಮಂದಿಯ ಕೋರಿಕೆಗಳನ್ನು ಒಂದೇ ಸಂಪರ್ಕದಲ್ಲಿ ಕಳಿಸಿದರೆ ಉಳಿತಾಯವಾಗದೆ? ಇಲ್ಲ. ಎಣಿಕೆ ತಂತಿಗಳದ್ದಲ್ಲ, ತುದಿಯಲ್ಲಿರುವ ಬಳಕೆದಾರರದ್ದು ಅಥವಾ ಸಾಧನಗಳದ್ದು.

ಈ ಎಣಿಕೆಯೇ ಇಲ್ಲದ ದಾರಿಯೂ ಜೊತೆಜೊತೆಗೆ ಬೆಳೆಯಿತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ತೊಡಗಿದ 'ಸಾಂಬಾ' ಎಂಬ ಮುಕ್ತ ತಂತ್ರಾಂಶ ವಿಂಡೋಸ್ ಗಣಕಗಳಿಗೆ ಕಡತ ಮತ್ತು ಮುದ್ರಣ ಸೇವೆ ಒದಗಿಸುತ್ತದೆ. ಅದಕ್ಕೆ ಕ್ಯಾಲ್ ಬೇಡ. ಸರ್ವರುಗಳ ಪರಸ್ಪರ ಸಂವಹನದ ವಿವರಗಳನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದು 2004ರಲ್ಲಿ ಯುರೋಪಿಯನ್ ಆಯೋಗ ಮೈಕ್ರೋಸಾಫ್ಟಿಗೆ ಆದೇಶಿಸಿತು. 2007ರ ಡಿಸೆಂಬರ್‌ನಲ್ಲಿ ಸಾಂಬಾ ತಂಡಕ್ಕೆ ಆ ವಿವರಗಳನ್ನು ಪಡೆಯುವ ಒಪ್ಪಂದವಾಯಿತು.

ನೆಟ್‌ವೇರಿನಲ್ಲಿ ಮಿತಿಯನ್ನು ಯಂತ್ರವೇ ಕಾಯುತ್ತಿತ್ತು. ಪ್ರತಿ ಸಾಧನಕ್ಕೆ ಅಥವಾ ವ್ಯಕ್ತಿಗೆ ಪರವಾನಗಿ ಪಡೆದ ವಿಂಡೋಸ್ ಸರ್ವರ್ ಹೆಚ್ಚುವರಿ ಗಣಕವನ್ನು ತಡೆಯುವುದಿಲ್ಲ. ಜಾಲ ಸರಾಗವಾಗಿ ನಡೆಯುತ್ತಿದ್ದರೂ ಕಛೇರಿ ಕರಾರು ಮೀರಿರಬಹುದು. ಆದ್ದರಿಂದ ಶಾಲೆಯಾಗಲಿ ಕಛೇರಿಯಾಗಲಿ, ಹೊಸ ಸರ್ವರಿನ ಬೆಲೆ ಕೇಳುವ ಮೊದಲು ತನ್ನ ಗಣಕಗಳನ್ನು, ಬಳಕೆದಾರರನ್ನು ಹಾಗೂ ಕೈಯಲ್ಲಿರುವ ಕ್ಯಾಲ್‌ಗಳ ಆವೃತ್ತಿಯನ್ನು ಪಟ್ಟಿ ಮಾಡಿಕೊಳ್ಳುವುದು ಒಳಿತು.