ಬಳಸಿದ ವ್ಯವಹಾರೋಪಯೋಗಿ ಲ್ಯಾಪ್‌ಟಾಪ್ ಖರೀದಿ ಮತ್ತು ಬಳಕೆ: ಪುತ್ತಿಗೆ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ತಾಲ್ಲೂಕಿನ ಪುತ್ತಿಗೆಯು ಒಂದು ಕಾಲದಲ್ಲಿ ಚೌಟ ಅರಸರ ಆಡಳಿತ ಕೇಂದ್ರವಾಗಿದ್ದ ಗ್ರಾಮವಾಗಿದೆ. ಇಂದು ಪುತ್ತಿಗೆ ಹಾಗೂ ಸುತ್ತಮುತ್ತಲಿನ ಗ್ರಾಮಗಳಲ್ಲಿ ಕೃಷಿಕರು ಪಹಣಿ ಪರಿಶೀಲಿಸಲು, ಸಣ್ಣ ವ್ಯಾಪಾರಸ್ಥರು ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಲು, ಸ್ವಸಹಾಯ ಗುಂಪುಗಳು ಲೆಕ್ಕಪತ್ರ ಇಡಲು ಮತ್ತು ವಿದ್ಯಾರ್ಥಿಗಳು ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಗಣಕಯಂತ್ರವನ್ನು ಅವಲಂಬಿಸಿದ್ದಾರೆ. ಹೊಸ ಲ್ಯಾಪ್‌ಟಾಪಿನ ಬೆಲೆಯನ್ನು ಭರಿಸಲಾಗದ ಕುಟುಂಬಗಳಿಗೆ ದೊಡ್ಡ ಸಂಸ್ಥೆಗಳು ಬಳಸಿ ವಿಲೇವಾರಿ ಮಾಡಿದ ವ್ಯವಹಾರೋಪಯೋಗಿ ಲ್ಯಾಪ್‌ಟಾಪ್ ಉತ್ತಮ ಪರ್ಯಾಯವಾಗಿರುತ್ತದೆ.

ಆದರೆ ದಾಖಲೆಯಿಲ್ಲದ, ಗುಪ್ತಪದದಿಂದ ಬಂಧಿತವಾದ ಅಥವಾ ಭದ್ರತಾ ನವೀಕರಣ ನಿಂತುಹೋದ ಯಂತ್ರವನ್ನು ಕೊಂಡಲ್ಲಿ ಕುಟುಂಬದ ಉಳಿತಾಯವೇ ನಷ್ಟವಾಗುವ ಸಂಭವವಿರುತ್ತದೆ. ಅಗ್ಗದ ಬೆಲೆಗಿಂತ ಯಂತ್ರದ ಪೀಳಿಗೆ, ಬ್ಯಾಟರಿಯ ಸ್ಥಿತಿ ಮತ್ತು ದಾಖಲೆಗಳು ಮುಖ್ಯವೆಂಬುದನ್ನು ಖರೀದಿದಾರರು ಗಮನಿಸತಕ್ಕದ್ದು.

2. ವ್ಯವಹಾರೋಪಯೋಗಿ ಲ್ಯಾಪ್‌ಟಾಪ್ ಎಂದರೇನು?

ಕಚೇರಿ ಬಳಕೆಗೆಂದೇ ತಯಾರಾಗುವ ಲ್ಯಾಪ್‌ಟಾಪುಗಳು ಗೃಹಬಳಕೆಯವುಗಳಿಗಿಂತ ಭಿನ್ನವಾಗಿವೆ. 1992ರಲ್ಲಿ ಐಬಿಎಂ ಸಂಸ್ಥೆಯು ಹೊರತಂದು, 2005ರಿಂದ ಲೆನೊವೊ ಸಂಸ್ಥೆಯು ಮುಂದುವರಿಸಿರುವ ಥಿಂಕ್‌ಪ್ಯಾಡ್, ಡೆಲ್ ಸಂಸ್ಥೆಯ ಲ್ಯಾಟಿಟ್ಯೂಡ್ ಹಾಗೂ ಎಚ್‌ಪಿ ಸಂಸ್ಥೆಯ ಎಲೈಟ್‌ಬುಕ್ ಈ ವರ್ಗದ ಪ್ರಮುಖ ಶ್ರೇಣಿಗಳು. ಇವುಗಳ ಹೊರಕವಚ ಮತ್ತು ಕೀಲುಗಳು ಗಟ್ಟಿಯಾಗಿರುತ್ತವೆ. ಬಿಡಿಭಾಗಗಳು ಹೆಚ್ಚು ಕಾಲ ದೊರೆಯುತ್ತವೆ. ಬಿಚ್ಚಿ ಜೋಡಿಸುವ ವಿಧಾನದ ಕೈಪಿಡಿಯು ತಯಾರಕರ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಲಭ್ಯವಿರುತ್ತದೆ.

ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಿಗೊಮ್ಮೆ ಇಂತಹ ಯಂತ್ರಗಳನ್ನು ಬದಲಾಯಿಸುತ್ತವೆ. ಹೀಗೆ ಹೊರಬರುವ ಯಂತ್ರಗಳು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂತಹ ಮಾರುಕಟ್ಟೆಗಳಲ್ಲಿ, ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲಿ ಮತ್ತು ಅಂತರ್ಜಾಲದ ಮೂಲಕ ಮಾರಾಟಕ್ಕೆ ಬರುತ್ತವೆ. ‘ಬಳಸಿದ’ ಎಂದರೆ ಇದ್ದ ಸ್ಥಿತಿಯಲ್ಲಿಯೇ ಮಾರುವ ಯಂತ್ರ. ‘ರಿಫರ್ಬಿಷ್ಡ್’ ಎಂದರೆ ಪರೀಕ್ಷಿಸಿ, ಸ್ವಚ್ಛಗೊಳಿಸಿ, ದೋಷಯುಕ್ತ ಭಾಗಗಳನ್ನು ಬದಲಾಯಿಸಿದ ಯಂತ್ರ. ಯಾವ ಭಾಗ ಬದಲಾಗಿದೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯುವುದು ಸೂಕ್ತ.

3. ಪೀಳಿಗೆಯನ್ನು ತಿಳಿಯುವ ವಿಧಾನ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ತದನಂತರದ ವಿಸ್ತರಿತ ಭದ್ರತಾ ನವೀಕರಣವು ಸೀಮಿತ ಅವಧಿಯದಾಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಘಟಕ, ಸೆಕ್ಯೂರ್ ಬೂಟ್ ಸೌಲಭ್ಯ, ಕನಿಷ್ಠ 4 ಜಿಬಿ ರ‍್ಯಾಮ್ ಹಾಗೂ 64 ಜಿಬಿ ಸಂಗ್ರಹ ಸಾಮರ್ಥ್ಯ ಅವಶ್ಯವಾಗಿವೆ. ಇಂಟೆಲ್ ಸಂಸ್ಕಾರಕಗಳ ಪೈಕಿ, ಕೆಲವೇ ಅಪವಾದಗಳನ್ನು ಬಿಟ್ಟರೆ, 8ನೇ ಪೀಳಿಗೆ ಮತ್ತು ನಂತರದವುಗಳಿಗೆ ಮಾತ್ರ ಅಧಿಕೃತ ಬೆಂಬಲವಿದೆ.

ಪೀಳಿಗೆಯನ್ನು ಸಂಸ್ಕಾರಕದ ಸಂಖ್ಯೆಯಿಂದ ತಿಳಿಯಬಹುದಾಗಿದೆ. ‘ಐ5-6300ಯು’ ಎಂದಿದ್ದಲ್ಲಿ ಅಡ್ಡಗೆರೆಯ ನಂತರದ ಮೊದಲ ಅಂಕಿ 6 ಆಗಿರುವುದರಿಂದ ಅದು 6ನೇ ಪೀಳಿಗೆಯದು. ‘ಐ5-8350ಯು’ 8ನೇ ಪೀಳಿಗೆಯದು. ‘ಐ5-10210ಯು’ 10ನೇ ಪೀಳಿಗೆಯದು. ಮಾರಾಟಗಾರರು ‘ಐ5’ ಅಥವಾ ‘ಐ7’ ಎಂದಷ್ಟೇ ಹೇಳಿದಲ್ಲಿ ಅದರಿಂದ ಯಂತ್ರದ ವಯಸ್ಸು ತಿಳಿಯುವುದಿಲ್ಲ. ಹಳೆಯ ಐ7 ಯಂತ್ರಕ್ಕಿಂತ ಹೊಸ ಪೀಳಿಗೆಯ ಐ5 ಯಂತ್ರವೇ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ.

2018ರ ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490 ಹಾಗೂ ಎಲೈಟ್‌ಬುಕ್ 840 ಜಿ5 ಮಾದರಿಗಳು 8ನೇ ಪೀಳಿಗೆಯ ಸಂಸ್ಕಾರಕದೊಂದಿಗೆ ಬಂದವು. ಈ ಮೂರರಲ್ಲಿಯೂ ರ‍್ಯಾಮ್ ಅಳವಡಿಸಲು ಎರಡು ಸ್ಥಾನಗಳಿವೆ. ಅತಿ ತೆಳುವಾದ ಕೆಲವು ಮಾದರಿಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿದ್ದು, ನಂತರ ಹೆಚ್ಚಿಸಲು ಸಾಧ್ಯವಿರುವುದಿಲ್ಲ. ಮಾದರಿಯ ಹೆಸರನ್ನಷ್ಟೇ ನಂಬದೆ, ಸಂಸ್ಕಾರಕದ ಸಂಖ್ಯೆಯನ್ನು ಯಂತ್ರದ ಪರದೆಯಲ್ಲಿಯೇ ಓದತಕ್ಕದ್ದು. ಸಾಮಾನ್ಯ ಕಚೇರಿ ಕೆಲಸಕ್ಕೆ 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಸಾಕಾಗುತ್ತದೆ.

7ನೇ ಅಥವಾ ಅದಕ್ಕಿಂತ ಹಳೆಯ ಪೀಳಿಗೆಯ ಯಂತ್ರಗಳು ನಿರುಪಯುಕ್ತವೇನಲ್ಲ. ಅವುಗಳಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್‌ನಂತಹ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿ ಬರವಣಿಗೆ, ವ್ಯಾಸಂಗ ಮತ್ತು ಅಂತರ್ಜಾಲ ವೀಕ್ಷಣೆಗೆ ಬಳಸಬಹುದಾಗಿದೆ. ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶ ಅಥವಾ ಡಿಜಿಟಲ್ ಸಹಿಯ ಸಾಧನ ಬಳಸುವವರು ವಿಂಡೋಸ್ 11ಕ್ಕೆ ಅರ್ಹವಾದ ಯಂತ್ರವನ್ನೇ ಆಯ್ದುಕೊಳ್ಳುವುದು ಸೂಕ್ತ.

4. ಹಣ ಪಾವತಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

(ಅ) ಗುಪ್ತಪದ: ಯಂತ್ರವನ್ನು ಆರಂಭಿಸಿ ಬಯಾಸ್ ವಿಭಾಗಕ್ಕೆ ಪ್ರವೇಶಿಸಬೇಕು. ಅಲ್ಲಿ ಗುಪ್ತಪದ ಕೇಳಿದಲ್ಲಿ ಯಂತ್ರವನ್ನು ಖರೀದಿಸಬಾರದು. ವ್ಯವಹಾರೋಪಯೋಗಿ ಲ್ಯಾಪ್‌ಟಾಪುಗಳಲ್ಲಿ ಈ ಗುಪ್ತಪದವನ್ನು ತೆಗೆಯುವುದು ಕಷ್ಟಸಾಧ್ಯ. ಕೆಲವು ಮಾದರಿಗಳಲ್ಲಿ ಮದರ್‌ಬೋರ್ಡ್ ಬದಲಾಯಿಸುವುದೇ ತಯಾರಕರು ಸೂಚಿಸುವ ಪರಿಹಾರವಾಗಿದೆ.

(ಆ) ಹಿಂದಿನ ಸಂಸ್ಥೆಯ ನೋಂದಣಿ: ಅಂಗಡಿಯಲ್ಲಿಯೇ ವಿಂಡೋಸ್ ಅನ್ನು ಹೊಸದಾಗಿ ಅಳವಡಿಸಿ ಅಂತರ್ಜಾಲಕ್ಕೆ ಜೋಡಿಸುವಂತೆ ಕೋರಬೇಕು. ಆಗ ಯಾವುದಾದರೂ ಸಂಸ್ಥೆಯ ಹೆಸರು ಮೂಡಿ ಅದರ ಖಾತೆಯಿಂದ ಪ್ರವೇಶಿಸಲು ಸೂಚನೆ ಬಂದಲ್ಲಿ, ಯಂತ್ರವು ಇನ್ನೂ ಆ ಸಂಸ್ಥೆಯ ನಿರ್ವಹಣಾ ವ್ಯವಸ್ಥೆಯಲ್ಲಿದೆ ಎಂದರ್ಥ.

(ಇ) ಬ್ಯಾಟರಿ: ವಿಂಡೋಸ್‌ನಲ್ಲಿ ಲಭ್ಯವಿರುವ ಬ್ಯಾಟರಿ ವರದಿಯಲ್ಲಿ ‘ವಿನ್ಯಾಸ ಸಾಮರ್ಥ್ಯ’ ಮತ್ತು ‘ಪೂರ್ಣ ಚಾರ್ಜ್ ಸಾಮರ್ಥ್ಯ’ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದು 50 ವ್ಯಾಟ್-ಅವರ್ ಇದ್ದು, ಎರಡನೆಯದು 30 ಆಗಿದ್ದಲ್ಲಿ ಬ್ಯಾಟರಿಯಲ್ಲಿ ಶೇ. 60ರಷ್ಟು ಸಾಮರ್ಥ್ಯ ಮಾತ್ರ ಉಳಿದಿದೆ. ತಳಭಾಗ ಉಬ್ಬಿದ್ದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿರುವ ಸಂಭವವಿದ್ದು, ಅಂತಹ ಯಂತ್ರವನ್ನು ಬಳಸುವುದು ಅಪಾಯಕರ.

(ಈ) ಇತರೆ ಭಾಗಗಳು: ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಬೇಕು. ಪರದೆಯನ್ನು ಪೂರ್ಣ ಬಿಳಿ ಹಾಗೂ ಪೂರ್ಣ ಕಪ್ಪು ಬಣ್ಣದಲ್ಲಿ ಪರಿಶೀಲಿಸಬೇಕು. ಎಲ್ಲ ಯುಎಸ್‌ಬಿ ಕಿಂಡಿಗಳು, ವೈ-ಫೈ, ಕ್ಯಾಮೆರಾ, ಧ್ವನಿ ಮತ್ತು ಚಾರ್ಜಿಂಗ್ ಕೆಲಸ ಮಾಡುವುದನ್ನು ಖಚಿತಪಡಿಸಿಕೊಳ್ಳಬೇಕು. ಅರ್ಧ ಗಂಟೆ ನಿರಂತರವಾಗಿ ಚಲಾಯಿಸಿ ಬಿಸಿ ಹಾಗೂ ಫ್ಯಾನಿನ ಶಬ್ದವನ್ನು ಗಮನಿಸಬೇಕು.

(ಉ) ಅಡಾಪ್ಟರ್: ಮಾದರಿಗೆ ಹೊಂದುವ ವ್ಯಾಟ್ ಸಾಮರ್ಥ್ಯ ಹಾಗೂ ಬಿಐಎಸ್ ನೋಂದಣಿ ಗುರುತು ಇರುವ ಅಡಾಪ್ಟರನ್ನೇ ಪಡೆಯಬೇಕು.

5. ನಿಜವಾದ ಬೆಲೆಯ ಲೆಕ್ಕ

ಹೇಳಿದ ಬೆಲೆಗೆ ಕೂಡಲೇ ಮಾಡಬೇಕಾದ ದುರಸ್ತಿಯ ವೆಚ್ಚವನ್ನು ಸೇರಿಸಿ ಹೋಲಿಸಬೇಕು. ಉದಾಹರಣೆಗೆ, ಮೊದಲನೆಯ ಯಂತ್ರದ ಬೆಲೆ ರೂ. 13,000 ಎಂದಿರಲಿ. ಅದಕ್ಕೆ ಬ್ಯಾಟರಿ ರೂ. 3,500, ಎಸ್‌ಎಸ್‌ಡಿ ರೂ. 2,500 ಹಾಗೂ ಅಡಾಪ್ಟರ್ ರೂ. 1,500 ಬೇಕಾದಲ್ಲಿ ಒಟ್ಟು ವೆಚ್ಚ ರೂ. 20,500 ಆಗುತ್ತದೆ. ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿರುವ ಎರಡನೆಯ ಯಂತ್ರದ ಬೆಲೆ ರೂ. 18,000 ಇದ್ದಲ್ಲಿ, ರೂ. 5,000 ಅಗ್ಗವೆಂದು ಕಂಡ ಮೊದಲನೆಯ ಯಂತ್ರವೇ ರೂ. 2,500 ದುಬಾರಿಯಾಗುತ್ತದೆ. ಈ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ, ಮಾರುಕಟ್ಟೆ ದರಗಳಲ್ಲ. ಪುತ್ತಿಗೆಯವರು ದೂರದ ಊರಿನ ಅಂಗಡಿಯಲ್ಲಿ ಖರೀದಿಸಿದಲ್ಲಿ, ದುರಸ್ತಿಗಾಗಿ ಮತ್ತೆ ಹೋಗಿಬರುವ ಪ್ರಯಾಣದ ಖರ್ಚು ಮತ್ತು ಕೆಲಸ ಬಿಡಬೇಕಾದ ದಿನಗಳನ್ನೂ ಪರಿಗಣಿಸತಕ್ಕದ್ದು.

6. ದಾಖಲೆಗಳು ಮತ್ತು ಕಾನೂನು

ಮಾದರಿ, ಕ್ರಮಸಂಖ್ಯೆ, ಮಾರಾಟಗಾರರ ಹೆಸರು, ವಿಳಾಸ, ದಿನಾಂಕ ಮತ್ತು ಖಾತರಿಯ ಅವಧಿ ನಮೂದಾಗಿರುವ ರಸೀದಿಯನ್ನು ಕಡ್ಡಾಯವಾಗಿ ಪಡೆಯಬೇಕು. ಯಂತ್ರದ ತಳದಲ್ಲಿರುವ ಕ್ರಮಸಂಖ್ಯೆ, ಬಯಾಸ್‌ನಲ್ಲಿರುವ ಕ್ರಮಸಂಖ್ಯೆ ಮತ್ತು ರಸೀದಿಯಲ್ಲಿರುವ ಕ್ರಮಸಂಖ್ಯೆ ಒಂದೇ ಆಗಿರಬೇಕು. ಹಣವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಪಾವತಿಸಿದಲ್ಲಿ ಪುರಾವೆ ಉಳಿಯುತ್ತದೆ.

ಕಳವಿನ ಸ್ವತ್ತೆಂದು ತಿಳಿದಿದ್ದು ಅಥವಾ ಹಾಗೆ ನಂಬಲು ಕಾರಣವಿದ್ದು ಅಪ್ರಾಮಾಣಿಕವಾಗಿ ಪಡೆದುಕೊಳ್ಳುವುದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಡಿ ಶಿಕ್ಷಾರ್ಹ ಅಪರಾಧವಾಗಿದೆ. ತಿಳಿಯದೆ ಕೊಂಡವರೂ ತನಿಖೆಯ ಸಂದರ್ಭದಲ್ಲಿ ಯಂತ್ರವನ್ನು ಕಳೆದುಕೊಳ್ಳಬಹುದು. ರಸೀದಿ ನೀಡಲು ಒಪ್ಪದ ಮಾರಾಟಗಾರರಿಂದ ದೂರವಿರುವುದು ಕ್ಷೇಮ.

ವ್ಯಾಪಾರಸ್ಥರಿಂದ ಕೊಂಡ ಯಂತ್ರದಲ್ಲಿ ದೋಷ ಕಂಡುಬಂದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಪರಿಹಾರ ಕೋರಬಹುದಾಗಿದೆ. ವಾಣಿಜ್ಯ ಉದ್ದೇಶದ ಖರೀದಿಗೆ ಈ ಅಧಿನಿಯಮ ಅನ್ವಯಿಸುವುದಿಲ್ಲವಾದರೂ, ಸ್ವಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಬಳಸುವವರು ಗ್ರಾಹಕರೆಂದೇ ಪರಿಗಣಿಸಲ್ಪಡುತ್ತಾರೆ. ಮೊದಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ರೂ. 5 ಲಕ್ಷದವರೆಗಿನ ಮೌಲ್ಯದ ದೂರಿಗೆ ಶುಲ್ಕವಿರುವುದಿಲ್ಲ. ಖಾಸಗಿ ವ್ಯಕ್ತಿಯೊಬ್ಬರು ತಮ್ಮ ಸ್ವಂತ ಯಂತ್ರವನ್ನು ಮಾರಿದಲ್ಲಿ ಈ ರಕ್ಷಣೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಅಂತರ್ಜಾಲದಲ್ಲಿ ಮುಂಗಡ ಪಾವತಿಸಿ ಮೋಸಹೋದವರು ತಡಮಾಡದೆ 1930 ಸಂಖ್ಯೆಗೆ ತಿಳಿಸತಕ್ಕದ್ದು.

7. ಕರಾವಳಿಯ ಹವಾಮಾನದಲ್ಲಿ ಬಳಕೆ

ಜಿಲ್ಲೆಯಲ್ಲಿ ವಾರ್ಷಿಕ ಸರಾಸರಿ 3,500 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಮಳೆಗಾಲದ ತೇವಾಂಶದಿಂದ ಲೋಹದ ಸಂಪರ್ಕಗಳು ಸವೆಯುತ್ತವೆ ಹಾಗೂ ಬಳಸದೆ ಮುಚ್ಚಿಟ್ಟ ಯಂತ್ರಕ್ಕೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಅವಶ್ಯ.

• ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರವನ್ನು ವಾರಕ್ಕೆ ಹಲವು ಬಾರಿಯಾದರೂ ಚಲಾಯಿಸಬೇಕು. ಒಳಗಿನ ಬಿಸಿಯಿಂದ ತೇವ ಆರುತ್ತದೆ.
• ಒದ್ದೆಯಾದ ಚೀಲದಲ್ಲಿ ಯಂತ್ರವನ್ನು ಇಡಬಾರದು. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇರಿಸಿ, ಆಗಾಗ ಬದಲಾಯಿಸಬೇಕು.
• ಹವಾನಿಯಂತ್ರಿತ ಕೊಠಡಿ ಅಥವಾ ವಾಹನದಿಂದ ಹೊರತಂದ ಯಂತ್ರವನ್ನು ಕೂಡಲೇ ಚಾಲೂ ಮಾಡದೆ ಸ್ವಲ್ಪ ಹೊತ್ತು ಬಿಡಬೇಕು.
• ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್ ತಿಂಗಳ ಗುಡುಗು ಸಿಡಿಲಿನ ಸಮಯದಲ್ಲಿ, ಸಿಡಿಲು ಸಮೀಪಿಸುವ ಮುನ್ನವೇ ಚಾರ್ಜರ್ ಹಾಗೂ ಅಂತರ್ಜಾಲದ ತಂತಿ ಎರಡನ್ನೂ ಕಳಚಿಡಬೇಕು. ಸ್ವಿಚ್ ಆರಿಸಿದರೆ ಮಾತ್ರ ಸಾಲದು.
• ಮೂರು ಪಿನ್ನಿನ, ಅರ್ತಿಂಗ್ ಸರಿಯಾಗಿರುವ ಪ್ಲಗ್ ಬಳಸಬೇಕು. ಲೋಹದ ಕವಚ ಮುಟ್ಟಿದಾಗ ಝುಮ್ಮೆನಿಸಿದಲ್ಲಿ ವಿದ್ಯುತ್ ಕೆಲಸ ಬಲ್ಲವರಿಂದ ಪರೀಕ್ಷಿಸಬೇಕು.
• ನೀರು ಚೆಲ್ಲಿದಲ್ಲಿ ಚಾರ್ಜರ್ ಕಳಚಿ, ಯಂತ್ರವನ್ನು ಆರಿಸಿ, ಮಗುಚಿ ಇಡಬೇಕು. ಒಳಭಾಗ ಪೂರ್ಣ ಒಣಗುವವರೆಗೆ ಚಾಲೂ ಮಾಡಬಾರದು.
• ಸದಾ ಚಾರ್ಜರಿಗೆ ಜೋಡಿಸಿಯೇ ಬಳಸುವವರು, ಸೌಲಭ್ಯವಿದ್ದಲ್ಲಿ, ಚಾರ್ಜಿಂಗ್ ಮಿತಿಯನ್ನು ಶೇ. 80ಕ್ಕೆ ನಿಗದಿಪಡಿಸುವುದರಿಂದ ಬ್ಯಾಟರಿಯ ಬಾಳಿಕೆ ಹೆಚ್ಚುತ್ತದೆ.

8. ಕನ್ನಡ ಬಳಕೆ ಮತ್ತು ಕಡತಗಳ ಸುರಕ್ಷತೆ

ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ಯೂನಿಕೋಡ್ ಕನ್ನಡ ಲಭ್ಯವಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವ ಕೀಲಿಮಣೆ ವಿನ್ಯಾಸಕ್ಕೆ ಇದೇ ಜಿಲ್ಲೆಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ವಿನ್ಯಾಸವು ಆಧಾರವಾಗಿದೆ. ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡ ಬರೆಯಬಹುದಾದ್ದರಿಂದ ಯಾವುದೇ ಬಳಸಿದ ಯಂತ್ರ ಈ ಕೆಲಸಕ್ಕೆ ಸಾಕು. ಅರ್ಜಿ ಹಾಗೂ ಪತ್ರಗಳನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸಿದಲ್ಲಿ ಬೇರೆ ಗಣಕಯಂತ್ರದಲ್ಲಿಯೂ ಅಕ್ಷರಗಳು ಸರಿಯಾಗಿ ಕಾಣುತ್ತವೆ.

ಹಳೆಯ ಸಂಗ್ರಹ ಸಾಧನ ಮುನ್ಸೂಚನೆಯಿಲ್ಲದೆ ಕೆಡಬಹುದು. ಲೆಕ್ಕಪತ್ರ ಮತ್ತು ಪ್ರಮಾಣಪತ್ರಗಳ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ ವಾರಕ್ಕೊಮ್ಮೆ ಇಡುವುದು ಅವಶ್ಯ.

9. ವಿಲೇವಾರಿ

ಕೆಟ್ಟ ಬ್ಯಾಟರಿ ಅಥವಾ ಲ್ಯಾಪ್‌ಟಾಪನ್ನು ಸಾಮಾನ್ಯ ಕಸದೊಂದಿಗೆ ಎಸೆಯಬಾರದು, ಸುಡಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಆಶಯದಂತೆ ತಯಾರಕರ ಸಂಗ್ರಹಣಾ ವ್ಯವಸ್ಥೆಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ನೀಡತಕ್ಕದ್ದು. ನೀಡುವ ಮುನ್ನ ಸ್ವಂತ ಕಡತಗಳನ್ನು ಪೂರ್ಣವಾಗಿ ಅಳಿಸಬೇಕು.

10. ಸಾರಾಂಶ

ಪೀಳಿಗೆಯನ್ನು ಸಂಖ್ಯೆಯಿಂದ ತಿಳಿದು, ಗುಪ್ತಪದ ಮತ್ತು ಬ್ಯಾಟರಿಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿ, ಕ್ರಮಸಂಖ್ಯೆಯುಳ್ಳ ರಸೀದಿ ಪಡೆದು ಕೊಂಡ ಯಂತ್ರವು ತೇವ ಮತ್ತು ಸಿಡಿಲಿನಿಂದ ರಕ್ಷಿಸಲ್ಪಟ್ಟಲ್ಲಿ ಹಲವು ವರ್ಷ ಸೇವೆ ನೀಡುತ್ತದೆ. ಈ ಪೈಕಿ ಯಾವುದೇ ಒಂದು ಪರೀಕ್ಷೆಗೆ ಮಾರಾಟಗಾರರು ಅವಕಾಶ ನೀಡದಿದ್ದಲ್ಲಿ, ಬೆಲೆ ಎಷ್ಟೇ ಕಡಿಮೆಯಿದ್ದರೂ ಖರೀದಿಯನ್ನು ಕೈಬಿಡುವುದು ಒಳಿತು.