ಮಲದ ಬೆಲೆ, ಹೊರುವವರ ಬೆಲೆ

ಕಕ್ಕಸಿನ ಮಾತು ಸಾಹಿತ್ಯಪತ್ರಿಕೆಗೆ ಸಲ್ಲದೆಂದು ಕೆಲವರು ಭಾವಿಸಬಹುದು. ನಾವು ಹಾಗೆ ಎಣಿಸುವುದಿಲ್ಲ. ಚೀನದೇಶದಲ್ಲಿ ಮಲವು ಬಹುಕಾಲ ಹೊಲದ ಗೊಬ್ಬರವಾಗಿ ಬೆಲೆ ಪಡೆದಿತ್ತು. 1908ರಲ್ಲಿ ಷಾಂಘೈ ನಗರದ ಒಂದು ಭಾಗದ 78,000 ಟನ್ನು ಮಲವನ್ನು ಸಂಗ್ರಹಿಸುವ ಹಕ್ಕಿಗಾಗಿ ಗುತ್ತಿಗೆದಾರನೊಬ್ಬನು 31,000 ಡಾಲರು ತೆತ್ತನೆಂದು ಅಮೆರಿಕದ ಕೃಷಿವಿಜ್ಞಾನಿ ಎಫ್. ಎಚ್. ಕಿಂಗ್ ಬರೆದಿದ್ದಾರೆ. ಗಡಿಯಾಚೆಯ ಕನ್ನಡನಾಡಿನ ಪಟ್ಟಣಗಳಲ್ಲಾದರೋ ನೀರಿಲ್ಲದ ಕಕ್ಕಸುಗಳ ಮಲವನ್ನು ತಲೆಯ ಮೇಲೆ ಹೊರುವ ಕೆಲಸವು ಜಾತಿಗೆ ಅಂಟಿಕೊಂಡಿತು. ಕಕ್ಕಸು ಮನೆಯವರದು, ಮೈಲಿಗೆ ಮಾತ್ರ ಹೊರುವವರದು! 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಈ ಹೊರೆಯನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆ ಬಂದುದು 1993ರಲ್ಲಿ. ಆದರೂ 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು, ತಮ್ಮನ್ನು ವಾಸಸ್ಥಳದಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು.